ಭೂವಿಜ್ಞಾನಿ ಪ್ರಮಥನಾಥ ಬೋಸ್

ಇಪ್ಪತ್ತನೆಯ ಶತಮಾನವು ಆರಂಭವಾದಾಗ ಭಾರತದಲ್ಲಿ ಸಾವಿರಾರು ಮೈಲಿಗಳ ಉದ್ದಕ್ಕೆ ರೈಲುದಾರಿ ಹಬ್ಬಿತ್ತು. ಆದರೆ ಆ ದಾರಿಯ ಕಂಬಿಗಳು ಈ ನೆಲದಲ್ಲಿ ಎರಕಗೊಂಡವಲ್ಲ. ನದಿಗಳ ಮೇಲೆ ಕಟ್ಟಿದ ಸೇತುವೆಗಳ ತೊಲೆಗಳು, ಗಿರಣಿಗಳ ಯಂತ್ರಗಳು, ಕೊನೆಗೆ ರೈತನ ಗುದ್ದಲಿಯ ತಗಡು ಕೂಡ ಬಹುಪಾಲು ಇಂಗ್ಲೆಂಡಿನಿಂದ ಹಡಗೇರಿ ಬರುತ್ತಿದ್ದವು. ಸಾವಿರದ ಆರುನೂರು ವರ್ಷಗಳಷ್ಟು ಹಿಂದೆಯೇ ದೆಹಲಿಯ ಕಬ್ಬಿಣದ ಸ್ತಂಭವನ್ನು ರೂಪಿಸಿದ ನಾಡಿದು. ಇಲ್ಲಿಯ ಉಕ್ಕು ಪಶ್ಚಿಮ ಏಷ್ಯಾದ ಕತ್ತಿಗಳಿಗೆ ಹರಿತವನ್ನು ಕೊಟ್ಟಿತ್ತು. ಯುರೋಪಿನವರು ಆ ಲೋಹವನ್ನು ವೂಟ್ಸ್ ಎಂದು ಕರೆದರು. ನಮ್ಮ ಕನ್ನಡದ ಉಕ್ಕು ಎಂಬ ಮಾತೇ ಅವರ ಬಾಯಲ್ಲಿ ಹಾಗೆ ತಿರುಗಿತೆಂದು ವಿದ್ವಾಂಸರು ಹೇಳುವುದುಂಟು. ಇಂಥ ನಾಡು ಒಂದು ಮೊಳೆಗಾಗಿ ಕಡಲಾಚೆಗೆ ಕೈಚಾಚಿ ನಿಂತದ್ದು ವಿಧಿಯ ಆಟವಾಗಿರಲಿಲ್ಲ. ಅಗ್ಗದ ಆಮದು ಕಬ್ಬಿಣವು ಹಳ್ಳಿಯ ಕುಲುಮೆಗಳನ್ನು ಆರಿಸಿತ್ತು. ಕಾಡಿನ ಕಾಯಿದೆಗಳು ಇದ್ದಲನ್ನು ದುಬಾರಿಯಾಗಿಸಿದ್ದವು. ಹೊಸ ಬಗೆಯ ದೊಡ್ಡ ಕಾರ್ಖಾನೆಗೆ ಬೇಕಾದ ಅದಿರು ಎಲ್ಲಿದೆ, ಎಷ್ಟಿದೆ ಎಂಬುದನ್ನು ಅರಿತು ಹೇಳಬಲ್ಲ ಭಾರತೀಯರು ಇಲ್ಲವೆನ್ನುವಷ್ಟು ವಿರಳವಾಗಿದ್ದರು. ಆ ವಿರಳರಲ್ಲಿ ಮೊದಲಿಗರು ಪ್ರಮಥನಾಥ ಬೋಸರು.

ಬೋಸರು 1855ರ ಮೇ 12ರಂದು ವಂಗದೇಶದ ಗೋಬರ್ಡಂಗಾದ ಸಮೀಪದ ಗಾಯಪುರ ಎಂಬ ಹಳ್ಳಿಯಲ್ಲಿ ಜನಿಸಿದರು. ಕೃಷ್ಣನಗರದಲ್ಲಿ ಆರಂಭದ ವಿದ್ಯಾಭ್ಯಾಸವನ್ನು ಮುಗಿಸಿ ಕಲ್ಕತ್ತೆಯ ಸೇಂಟ್ ಝೇವಿಯರ್ಸ್ ಕಾಲೇಜನ್ನು ಸೇರಿದರು. ಆ ಕಾಲದಲ್ಲಿ ಭಾರತೀಯ ವಿದ್ಯಾರ್ಥಿಗಳಿಗಾಗಿ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನವೆಂಬುದೊಂದಿತ್ತು. ಕಠಿಣವಾದ ಸ್ಪರ್ಧೆಯಲ್ಲಿ ಗೆದ್ದವರಿಗೆ ಮಾತ್ರ ಇಂಗ್ಲೆಂಡಿನಲ್ಲಿ ಓದುವ ಅವಕಾಶ ದೊರೆಯುತ್ತಿತ್ತು. 1874ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಬೋಸರು ಅದನ್ನು ಗಳಿಸಿ ಲಂಡನ್ನಿಗೆ ಹೊರಟರು. ಅಂದಿನ ಬುದ್ಧಿವಂತ ತರುಣರ ಕಣ್ಣು ವಕೀಲಿಯ ಮೇಲೋ ಸಿವಿಲ್ ಸರ್ವೀಸಿನ ಮೇಲೋ ನೆಟ್ಟಿರುತ್ತಿತ್ತು. ಬೋಸರು ವಿಜ್ಞಾನವನ್ನು ಆರಿಸಿಕೊಂಡರು. ಲಂಡನ್ ವಿಶ್ವವಿದ್ಯಾಲಯದ ಪದವಿಯನ್ನು ಪಡೆದ ಮೇಲೆ ಅಲ್ಲಿಯ ರಾಯಲ್ ಸ್ಕೂಲ್ ಆಫ್ ಮೈನ್ಸ್ ಎಂಬ ಗಣಿಶಾಸ್ತ್ರದ ವಿದ್ಯಾಲಯದಲ್ಲಿ ಭೂವಿಜ್ಞಾನವನ್ನು ವ್ಯಾಸಂಗ ಮಾಡಿದರು. ಓದಿನ ನಡುವೆಯೂ ಅವರು ಸ್ವದೇಶದ ಸ್ಥಿತಿಗತಿಗಳ ವಿಷಯವಾಗಿ ಸಭೆಗಳಲ್ಲಿ ನಿರ್ಭೀತಿಯಿಂದ ಮಾತನಾಡುತ್ತಿದ್ದರು. ಈ ತರುಣನನ್ನು ಲಂಡನ್ನಿನಲ್ಲಿ ಬಿಡುವುದಕ್ಕಿಂತ ಕೆಲಸವೊಂದನ್ನು ಕೊಟ್ಟು ಊರಿಗೆ ಕಳುಹಿಸುವುದೇ ಲೇಸೆಂದು ಅಧಿಕಾರಿಗಳು ಭಾವಿಸಿದರೆಂದು ಹೇಳುವುದುಂಟು. ಅಂತೂ 1880ರಲ್ಲಿ ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಅಧಿಕಾರಿಯಾಗಿ ಸ್ವದೇಶಕ್ಕೆ ಮರಳಿದರು.

ಈ ಇಲಾಖೆ ಸ್ಥಾಪನೆಯಾದುದು 1851ರಲ್ಲಿ. ರೈಲುಬಂಡಿಗಳಿಗೆ ಬೇಕಾದ ಕಲ್ಲಿದ್ದಲನ್ನು ಹುಡುಕುವುದು ಅದರ ಮೊದಮೊದಲ ಮುಖ್ಯ ಕಾರ್ಯವಾಗಿತ್ತು. ಕೆಲವರು ಭಾರತೀಯರು ಅದರಲ್ಲಿ ಕೆಳಗಿನ ದರ್ಜೆಯ ಸಹಾಯಕರಾಗಿ ದುಡಿಯುತ್ತಿದ್ದರು. ಅಧಿಕಾರಿಯ ದರ್ಜೆಗೆ ನೇಮಕಗೊಂಡ ಮೊದಲ ಭಾರತೀಯರು ಬೋಸರೇ. ಆಗ ಇಲಾಖೆಯ ಮುಖ್ಯಸ್ಥರಾಗಿದ್ದ ಮೆಡ್ಲಿಕಾಟ್ ಎಂಬವರಿಗೆ ಈ ನೇಮಕ ರುಚಿಸಿರಲಿಲ್ಲ. ಪ್ರಕೃತಿ ವಿಜ್ಞಾನದಲ್ಲಿ ಸ್ವತಂತ್ರವಾದ ಸಂಶೋಧನೆ ಮಾಡುವ ಶಕ್ತಿ ಭಾರತೀಯರಿಗಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಮೆಡ್ಲಿಕಾಟ್ ಸಣ್ಣ ವಿದ್ವಾಂಸರೇನೂ ಅಲ್ಲ. ಗೊಂಡ್ವಾನ ಎಂಬ ಹೆಸರನ್ನು ಭೂವಿಜ್ಞಾನಕ್ಕೆ ಕೊಟ್ಟವರು ಅವರೇ. ಇಂಥ ಪಂಡಿತರಿಗೂ ಕಣ್ಣೆದುರಿನ ಮನುಷ್ಯನ ಯೋಗ್ಯತೆ ಕಾಣಿಸಲಿಲ್ಲವೆಂಬುದು ವಿಚಿತ್ರವಾದರೂ ನಿಜ.

ಬೋಸರು ಇದಕ್ಕೆ ಬಾಯಿಂದ ಉತ್ತರವನ್ನು ಕೊಡಲಿಲ್ಲ. ಮಳೆಗಾಲ ಮುಗಿಯುತ್ತಲೇ ಡೇರೆ, ಸುತ್ತಿಗೆ, ದಿಕ್ಸೂಚಿಗಳೊಡನೆ ಕ್ಷೇತ್ರಕಾರ್ಯಕ್ಕೆ ಹೊರಟರೆ ಬೇಸಗೆಯ ಉರಿ ಏರುವವರೆಗೂ ಕಾಡುಮೇಡುಗಳಲ್ಲಿ ಅಲೆಯುವುದು, ಅನಂತರ ಕಲ್ಕತ್ತೆಗೆ ಮರಳಿ ತಂದ ಶಿಲೆಗಳನ್ನು ಪರೀಕ್ಷಿಸಿ ವರದಿಯನ್ನು ಬರೆಯುವುದು, ಇದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಅವರ ಬದುಕಿನ ಕ್ರಮವಾಯಿತು. ನರ್ಮದಾ ನದಿಯ ಕೆಳಗಣಿವೆಯ ಭೂರಚನೆಯನ್ನು ಕುರಿತು ಅವರು ಬರೆದ ಗ್ರಂಥವು 1884ರಲ್ಲಿ ಇಲಾಖೆಯಿಂದ ಪ್ರಕಟವಾಯಿತು. ಸಮುದ್ರವು ಒಂದಾನೊಂದು ಕಾಲದಲ್ಲಿ ಆ ಕಣಿವೆಯೊಳಕ್ಕೆ ನುಗ್ಗಿ ಬಂದು ಬಿಟ್ಟುಹೋದ ಸುಣ್ಣಕಲ್ಲಿನ ಪದರಗಳನ್ನು ಅವರು ಅದರಲ್ಲಿ ಒಂದೊಂದಾಗಿ ವಿಂಗಡಿಸಿದರು. ಆ ವಿಂಗಡಣೆಯನ್ನು ಒಪ್ಪಿಯೋ ತಿದ್ದಿಯೋ ಮುಂದಿನ ವಿದ್ವಾಂಸರೆಲ್ಲರೂ ತಮ್ಮ ಚರ್ಚೆಯನ್ನು ಮುಂದುವರಿಸಬೇಕಾಯಿತು. ಜಬಲ್ಪುರದ ಮ್ಯಾಂಗನೀಸ್, ಡಾರ್ಜಿಲಿಂಗಿನ ತಪ್ಪಲಿನ ಕಲ್ಲಿದ್ದಲು, ಸಿಕ್ಕಿಮಿನ ತಾಮ್ರ, ಬರ್ಮಾ ದೇಶದ ತೆನಾಸೆರಿಂ ಪ್ರಾಂತದ ಕಲ್ಲಿದ್ದಲು, ಹೀಗೆ ಅವರ ಸುತ್ತಿಗೆ ಮುಟ್ಟಿದ ಎಡೆಗಳು ಅನೇಕ.

ಇವುಗಳಲ್ಲಿ ಒಂದು ಚಿಕ್ಕ ವರದಿಯ ಕಥೆ ವಿಶೇಷವಾದುದು. ರಾಯಪುರ ಜಿಲ್ಲೆಯ ಪಶ್ಚಿಮ ಭಾಗದ ಕಬ್ಬಿಣದ ಉದ್ಯೋಗವನ್ನು ಕುರಿತು ಬೋಸರು 1887ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಆ ಸೀಮೆಯಲ್ಲಿ ಅಗರಿಯಾ ಎಂಬ ಬುಡಕಟ್ಟಿನ ಜನರು ತಲೆತಲಾಂತರದಿಂದ ಕಬ್ಬಿಣವನ್ನು ಕರಗಿಸುತ್ತಿದ್ದರು. ಆಳೆತ್ತರವೂ ಇಲ್ಲದ ಮಣ್ಣಿನ ಕುಲುಮೆ, ಕಾಲಿನಿಂದ ತುಳಿಯುವ ಚರ್ಮದ ತಿದಿ, ಕಾಡಿನ ಇದ್ದಲು, ಗುಡ್ಡದಿಂದ ಬುಟ್ಟಿಯಲ್ಲಿ ಹೊತ್ತು ತಂದ ಅದಿರು, ಇಷ್ಟೇ ಅವರ ಕಾರ್ಖಾನೆ. ಗಂಟೆಗಟ್ಟಲೆ ತುಳಿದ ಮೇಲೆ ಕೈಗೆ ಬರುವುದು ಕಿಟ್ಟದಿಂದ ಕೂಡಿದ ಒಂದು ಕಬ್ಬಿಣದ ಮುದ್ದೆ. ಅದನ್ನು ಮತ್ತೆ ಮತ್ತೆ ಕಾಯಿಸಿ ಬಡಿದರೆ ನೇಗಿಲ ಕುಳವೋ ಕೊಡಲಿಯೋ ಆಗುತ್ತಿತ್ತು. ಈ ಕುಲುಮೆಗಳಿಗೆ ಅದಿರು ಎಲ್ಲಿಂದ ಬರುತ್ತದೆಂದು ಹಿಂಬಾಲಿಸಿ ಹೋದವರಿಗೆ ದಲ್ಲಿ ಮತ್ತು ರಾಜಹರಾ ಎಂಬ ಗುಡ್ಡಗಳು ಕಾಣುತ್ತವೆ. ಬೋಸರು ಆ ಗುಡ್ಡಗಳ ಅದಿರಿನ ಗುಣವನ್ನೂ ಹೇರಳತೆಯನ್ನೂ ತಮ್ಮ ವರದಿಯಲ್ಲಿ ದಾಖಲಿಸಿದರು. ವರದಿ ಅಚ್ಚಾಯಿತು, ಕಪಾಟನ್ನು ಸೇರಿತು, ಹದಿನೈದು ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿಯೇ ಇತ್ತು. ಕಾಡುಜನರಿಗೆ ಮೊದಲೇ ತಿಳಿದಿದ್ದುದನ್ನು ಶಾಸ್ತ್ರದ ಭಾಷೆಯಲ್ಲಿ ಬರೆದಿಟ್ಟುದು ಭೂವಿಜ್ಞಾನಿಯ ಕೆಲಸ; ಇಂಥ ಕಡೆಗಳಲ್ಲಿ ಕಂಡುಹಿಡಿದರು ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದಲೇ ಬಳಸಬೇಕಾಗುತ್ತದೆ.

ಬೋಸರು ಶಿಲೆಗಳಲ್ಲಿಯೇ ಮುಳುಗಿದವರಲ್ಲ. 1882ರಲ್ಲಿ ಅವರು ಹೆಸರಾಂತ ಅರ್ಥಶಾಸ್ತ್ರಜ್ಞರೂ ಸಾಹಿತಿಗಳೂ ಆದ ರಮೇಶಚಂದ್ರ ದತ್ತರ ಮಗಳಾದ ಕಮಲಾದೇವಿಯವರನ್ನು ವಿವಾಹವಾದರು. ಭಾರತದ ಸಂಪತ್ತು ಹೊರದೇಶಕ್ಕೆ ಹರಿದುಹೋಗುತ್ತಿರುವ ಬಗೆಯನ್ನು ಅಂಕಿಅಂಶಗಳೊಡನೆ ಬಯಲು ಮಾಡಿದವರು ದತ್ತರು. ಮಾವನ ಲೇಖನಿ ತೋರಿಸಿದ ರೋಗಕ್ಕೆ ಅಳಿಯನು ಮದ್ದನ್ನು ನೆಲದೊಳಗೆ ಹುಡುಕುತ್ತಿದ್ದರೆಂದರೆ ತಪ್ಪಾಗದು. ದೇಶದ ತರುಣರಿಗೆ ಸಾಹಿತ್ಯ ತರ್ಕಗಳ ಜತೆಗೆ ಯಂತ್ರ, ರಸಾಯನ, ಗಣಿಗಳ ವಿದ್ಯೆಯೂ ಬೇಕೆಂದು ಬೋಸರು ಸರ್ಕಾರಿ ನೌಕರಿಯಲ್ಲಿದ್ದಾಗಲೇ ಪ್ರಚಾರ ಮಾಡತೊಡಗಿದರು. 1891ರಲ್ಲಿ ಕೈಗಾರಿಕೆಗಳ ಏಳಿಗೆಗಾಗಿ ಕಲ್ಕತ್ತೆಯಲ್ಲಿ ಸಂಘವೊಂದನ್ನು ಕಟ್ಟಲು ನೆರವಾದರು. ಸಾಬೂನಿನ ತಯಾರಿಕೆಯಂಥ ಉದ್ಯಮಕ್ಕೂ ಕೈಹಾಕಿದರು. ಬಂಗಾಳದ ಏಷ್ಯಾಟಿಕ್ ಸೊಸೈಟಿಯು ತನ್ನ ನೂರು ವರ್ಷಗಳ ಕಾರ್ಯದ ಸಮೀಕ್ಷೆಯನ್ನು ಹೊರತಂದಾಗ ಅದರ ಪ್ರಕೃತಿ ವಿಜ್ಞಾನದ ಭಾಗವನ್ನು ಬರೆದವರು ಅವರೇ. ಬ್ರಿಟಿಷರ ಆಳ್ವಿಕೆಯಲ್ಲಿ ಹಿಂದೂ ನಾಗರಿಕತೆಯು ಪಡೆದ ಮಾರ್ಪಾಡುಗಳನ್ನು ಕುರಿತ ಅವರ ಇತಿಹಾಸಗ್ರಂಥವು 1894ರಿಂದ ಸಂಪುಟ ಸಂಪುಟವಾಗಿ ಬೆಳಕು ಕಂಡಿತು.

ಇಲಾಖೆಯಲ್ಲಿ ಬೋಸರ ಸೇವೆ ಇಪ್ಪತ್ತಮೂರು ವರ್ಷಗಳನ್ನು ಮುಟ್ಟಿತ್ತು. 1903ರಲ್ಲಿ ನಿರ್ದೇಶಕರ ಹುದ್ದೆ ತೆರವಾದಾಗ ಅವರ ಹಿರಿತನವೂ ಪಾಂಡಿತ್ಯವೂ ಎಲ್ಲರಿಗೂ ತಿಳಿದ ವಿಷಯವೇ ಆಗಿತ್ತು. ಆದರೆ ಆ ಪೀಠ ಸಂದುದು ಥಾಮಸ್ ಹಾಲೆಂಡ್ ಎಂಬ ಆಂಗ್ಲ ಅಧಿಕಾರಿಗೆ. ಹಾಲೆಂಡರು ಇಲಾಖೆಯನ್ನು ಸೇರಿದುದು 1890ರಲ್ಲಿ, ಎಂದರೆ ಬೋಸರಿಗಿಂತ ಹತ್ತು ವರ್ಷಗಳ ತರುವಾಯ. ಅವರು ಪ್ರತಿಭಾವಂತರೆಂಬುದರಲ್ಲಿ ಸಂದೇಹವಿಲ್ಲ. ಮುಂದೆ ಭಾರತದ ಕೈಗಾರಿಕಾ ಆಯೋಗದ ಅಧ್ಯಕ್ಷರೂ ಆದರು. ಪ್ರಶ್ನೆ ಹಾಲೆಂಡರ ಯೋಗ್ಯತೆಯದಾಗಿರಲಿಲ್ಲ. ಒಬ್ಬ ಭಾರತೀಯನ ಕೈಕೆಳಗೆ ಆಂಗ್ಲ ಅಧಿಕಾರಿಗಳು ದುಡಿಯುವುದನ್ನು ಅಂದಿನ ಸರ್ಕಾರ ಊಹಿಸಲಾರದಾಗಿತ್ತು. ಬೋಸರು ದೂರು ಹೇಳುತ್ತ ಕುಳಿತಿರದೆ ನಿವೃತ್ತಿಯನ್ನು ಪಡೆದು ಹೊರಬಂದರು. ಆಗ ಅವರಿಗೆ ನಲವತ್ತೆಂಟು ವರ್ಷ. ನಿಶ್ಚಿತವಾದ ಸಂಬಳ, ಇಲಾಖೆಯ ಗ್ರಂಥಭಂಡಾರ, ಪ್ರಯೋಗಶಾಲೆ ಎಲ್ಲವೂ ಅವರ ಹಿಂದೆ ಉಳಿದವು.

ಅದೇ ಹೊತ್ತಿಗೆ ಮಯೂರಭಂಜ ಸಂಸ್ಥಾನದ ಮಹಾರಾಜ ಶ್ರೀರಾಮಚಂದ್ರ ಭಂಜದೇವರು ತಮ್ಮ ಸೀಮೆಯ ಖನಿಜಗಳನ್ನು ಪರೀಕ್ಷಿಸಲು ತಜ್ಞರೊಬ್ಬರನ್ನು ಅರಸುತ್ತಿದ್ದರು. ಇಂದು ಒಡಿಶಾ ರಾಜ್ಯದ ಜಿಲ್ಲೆಯಾಗಿರುವ ಮಯೂರಭಂಜವು ಅಂದು ದಟ್ಟವಾದ ಸಾಲವೃಕ್ಷಗಳ ಕಾಡು. ಸಂತಾಲ, ಹೋ ಮೊದಲಾದ ಬುಡಕಟ್ಟುಗಳ ನೆಲೆ. ದಾರಿಗಳು ಕಡಿಮೆ, ಜ್ವರದ ಭಯ ಹೆಚ್ಚು. ಬೋಸರು ಆ ಕೆಲಸವನ್ನು ಒಪ್ಪಿಕೊಂಡು ಕಾಡನ್ನು ಹೊಕ್ಕರು. ಸಂಸ್ಥಾನದ ಉತ್ತರ ಭಾಗದಲ್ಲಿ ಗೋರುಮಹಿಸಾನಿ ಎಂಬ ಪರ್ವತವಿದೆ. ಅದರ ಬುಡದಲ್ಲಿ ಮೈಲಿಗಟ್ಟಲೆ ಹರಡಿದ್ದ ಕರಿಗೆಂಪು ಬಂಡೆಚೂರುಗಳು ಅವರ ಕಣ್ಣಿಗೆ ಬಿದ್ದವು. ಹೆಮಟೈಟ್ ಎಂಬ ಅದಿರನ್ನು ಗುರುತಿಸುವುದಕ್ಕೆ ಭೂವಿಜ್ಞಾನಿಗೆ ಒಂದು ಸರಳವಾದ ಪರೀಕ್ಷೆ ಗೊತ್ತು. ಮೆರುಗಿಲ್ಲದ ಬಿಳಿಯ ಪಿಂಗಾಣಿ ತುಂಡಿನ ಮೇಲೆ ಕಲ್ಲನ್ನು ಗೀರಿದರೆ, ಕಲ್ಲಿನ ಮೈಬಣ್ಣ ಕಪ್ಪಾಗಿದ್ದರೂ ಗೆರೆ ಮಾತ್ರ ಕೆಂಪಾಗಿ ಮೂಡುತ್ತದೆ. ಕೈಗೆತ್ತಿಕೊಂಡಾಗಲೇ ಅದರ ಭಾರವು ಇದು ಬರಿಯ ಕಲ್ಲಲ್ಲವೆಂದು ತಿಳಿಸುತ್ತದೆ. ಗೋರುಮಹಿಸಾನಿಯ ಅದಿರಿನ ನೂರು ಪಾಲಿನಲ್ಲಿ ಅರವತ್ತಕ್ಕೂ ಹೆಚ್ಚು ಪಾಲು ಕಬ್ಬಿಣವಿತ್ತು. ಯುರೋಪಿನ ಅನೇಕ ಕಾರ್ಖಾನೆಗಳು ಇದರ ಅರ್ಧದಷ್ಟು ಸತ್ವವಿರುವ ಅದಿರನ್ನೂ ಬಿಡದೆ ಬಳಸುತ್ತಿದ್ದವು. ಇಂಥ ಅದಿರನ್ನು ಹೊತ್ತ ಶಿಲೆಗಳನ್ನು ಆ ಕಾಲದ ಭೂವಿಜ್ಞಾನಿಗಳು ಧಾರವಾಡ ವರ್ಗವೆಂದು ಕರೆಯುತ್ತಿದ್ದರು. ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸರು ನಮ್ಮ ಧಾರವಾಡದ ಸೀಮೆಯ ಬಂಡೆಗಳನ್ನು ನೋಡಿ ಇಟ್ಟ ಹೆಸರು ಹೀಗೆ ದೂರದ ಮಯೂರಭಂಜದವರೆಗೂ ಸಾಗಿತ್ತು.

ಅದಿರು ಸಿಕ್ಕಿತು, ಅದನ್ನು ಯಾರಿಗೆ ತಿಳಿಸಬೇಕು? ಇಂಗ್ಲಿಷ್ ಕಂಪನಿಯೊಂದಕ್ಕೆ ಬರೆದಿದ್ದರೂ ಬೋಸರನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಬರೆದುದು ಮುಂಬಯಿಯ ಜೆಮ್‌ಶೆಟ್‌ಜಿ ನಸರ್‌ವಾನ್‌ಜಿ ಟಾಟಾ ಅವರಿಗೆ. ಪತ್ರದ ದಿನಾಂಕ 1904ರ ಫೆಬ್ರವರಿ 24.

ಟಾಟಾ ಅವರು ಚಾಂದಾ ಜಿಲ್ಲೆಯ ಕಬ್ಬಿಣದ ಅದಿರನ್ನು ಕುರಿತು ಜರ್ಮನ್ ತಜ್ಞರೊಬ್ಬರು ಬರೆದ ವರದಿಯನ್ನು 1882ರಲ್ಲಿ ಓದಿದ ದಿನದಿಂದ ಭಾರತದಲ್ಲಿ ಉಕ್ಕಿನ ಕಾರ್ಖಾನೆಯನ್ನು ಕಟ್ಟುವ ಕನಸನ್ನು ಹೊತ್ತಿದ್ದರು. ಗಣಿಗಾರಿಕೆಯ ಕಾನೂನುಗಳು ಬಹುಕಾಲ ಅದಕ್ಕೆ ಅಡ್ಡಿಯಾಗಿದ್ದವು. 1899ರಲ್ಲಿ ಅವು ಸಡಿಲವಾದ ಬಳಿಕ, ವೃದ್ಧಾಪ್ಯವನ್ನೂ ಲೆಕ್ಕಿಸದೆ 1902ರಲ್ಲಿ ಅಮೆರಿಕಕ್ಕೆ ಹೋಗಿ ಚಾರ್ಲ್ಸ್ ಪೇಜ್ ಪೆರಿನ್ ಎಂಬ ಎಂಜಿನಿಯರರ ನೆರವನ್ನು ಕೋರಿದರು. ಪೆರಿನ್ ಅವರ ಸಹಚರರಾದ ವೆಲ್ಡ್ ಎಂಬ ಭೂವಿಜ್ಞಾನಿ ಟಾಟಾ ಅವರ ಮಗ ದೊರಾಬ್‌ಜಿಯವರೊಡನೆ ಮಧ್ಯಪ್ರಾಂತಗಳ ಕಾಡುಗಳಲ್ಲಿ ಎತ್ತಿನ ಗಾಡಿಯಲ್ಲಿ ತಿರುಗಾಡಿದರು. ಚಾಂದಾದ ಅದಿರು ಚದರಿ ಹೋಗಿತ್ತು. ದೊಡ್ಡ ಕಾರ್ಖಾನೆಗೆ ಸಾಲದು. ಅನ್ವೇಷಣೆಯನ್ನು ಕೈಬಿಡುವ ವಿಷಯವನ್ನು ಅಧಿಕಾರಿಗಳಿಗೆ ತಿಳಿಸಲೆಂದು ದೊರಾಬ್‌ಜಿ ನಾಗಪುರಕ್ಕೆ ಹೋದರು. ಕಾಣಬೇಕಾಗಿದ್ದ ಅಧಿಕಾರಿ ಕಚೇರಿಯಲ್ಲಿರಲಿಲ್ಲ. ಹೊತ್ತು ಕಳೆಯಲೆಂದು ಎದುರಿನ ವಸ್ತುಸಂಗ್ರಹಾಲಯವನ್ನು ಹೊಕ್ಕವರಿಗೆ ಅಲ್ಲಿ ಒಂದು ಭೂವೈಜ್ಞಾನಿಕ ನಕ್ಷೆ ಕಾಣಿಸಿತು. ಅದರಲ್ಲಿ ದುರ್ಗ್ ಜಿಲ್ಲೆಯ ಒಂದು ಭಾಗಕ್ಕೆ ಕಬ್ಬಿಣವನ್ನು ಸೂಚಿಸುವ ಗಾಢವಾದ ಬಣ್ಣ ಬಳಿದಿತ್ತು. ವಿಚಾರಿಸಿದಾಗ ಬೋಸರ 1887ರ ವರದಿ ಕಪಾಟಿನಿಂದ ಹೊರಬಿತ್ತು. ದೊರಾಬ್‌ಜಿ ಮತ್ತು ವೆಲ್ಡ್ ದಲ್ಲಿಯ ಗುಡ್ಡವನ್ನು ಏರಿದಾಗ ಅವರ ಹೆಜ್ಜೆಗಳ ಕೆಳಗೆ ನೆಲವು ಲೋಹದಂತೆ ದನಿಗೊಟ್ಟಿತಂತೆ. ಆದರೆ ಸಮೀಪದಲ್ಲಿ ತಕ್ಕ ಕಲ್ಲಿದ್ದಲಿರಲಿಲ್ಲ, ಸಾಕಷ್ಟು ನೀರಿರಲಿಲ್ಲ. ಕಬ್ಬಿಣದ ಕಾರ್ಖಾನೆಗೆ ಅದಿರೊಂದಿದ್ದರೆ ಸಾಲದು. ಕಲ್ಲಿದ್ದಲು, ಸುಣ್ಣಕಲ್ಲು, ನೀರು, ರೈಲುದಾರಿ ಇವೆಲ್ಲವೂ ಕೈಗೆಟುಕುವಷ್ಟು ಹತ್ತಿರ ಕೂಡಬೇಕು. ಬೋಸರ ಪತ್ರಕ್ಕೆ ಬೆಲೆ ಬಂದುದು ಈ ಕಾರಣದಿಂದ. ಗೋರುಮಹಿಸಾನಿಯು ಝರಿಯಾದ ಕಲ್ಲಿದ್ದಲ ಗಣಿಗಳಿಗೆ ದಲ್ಲಿಗಿಂತ ಬಹಳ ಸಮೀಪವಾಗಿತ್ತು.

ಪತ್ರ ಬರೆದು ಮೂರು ತಿಂಗಳು ತುಂಬುವ ಮೊದಲೇ, 1904ರ ಮೇ 19ರಂದು, ಜೆಮ್‌ಶೆಟ್‌ಜಿ ಜರ್ಮನಿಯಲ್ಲಿ ತೀರಿಕೊಂಡರು. ಕಾರ್ಯವನ್ನು ದೊರಾಬ್‌ಜಿ ಕೈಬಿಡಲಿಲ್ಲ. ಪೆರಿನ್ ಮತ್ತು ವೆಲ್ಡ್ ಮಯೂರಭಂಜಕ್ಕೆ ಬಂದು ಬೋಸರ ವರದಿಯನ್ನು ಪರೀಕ್ಷಿಸಿ ಅದರಲ್ಲಿ ಉತ್ಪ್ರೇಕ್ಷೆಯಿಲ್ಲವೆಂದು ಕಂಡುಕೊಂಡರು. ಗುಡ್ಡವನ್ನು ಅಗೆಯುವ ಮಾತಿರಲಿ, ಬುಡದಲ್ಲಿ ಸುಮ್ಮನೆ ಬಿದ್ದಿದ್ದ ಅದಿರನ್ನು ಆಯ್ದರೇ ಕುಲುಮೆಗಳಿಗೆ ವರ್ಷಗಟ್ಟಲೆ ಸಾಕಾಗುವಷ್ಟಿತ್ತು. ಸುವರ್ಣರೇಖಾ ಮತ್ತು ಖರ್ಕಾಯಿ ನದಿಗಳು ಕೂಡುವೆಡೆಗೆ ಸಮೀಪದ ಸಾಕ್ಚಿ ಎಂಬ ಹಳ್ಳಿಯನ್ನು ಕಾರ್ಖಾನೆಗಾಗಿ ಆರಿಸಿಕೊಂಡರು. 1907ರ ಆಗಸ್ಟ್ 26ರಂದು ಕಂಪನಿ ಸ್ಥಾಪನೆಯಾಯಿತು. ಲಂಡನ್ನಿನ ಹಣವಂತರು ಬಂಡವಾಳ ಹೂಡಲು ಹಿಂದೆಗೆದಿದ್ದರು. ಸ್ವದೇಶಿ ಚಳವಳಿಯ ಆ ದಿನಗಳಲ್ಲಿ ಮುಂಬಯಿಯಲ್ಲಿ ಸುಮಾರು 8,000 ಭಾರತೀಯರು ಮೂರೇ ವಾರಗಳಲ್ಲಿ ಷೇರುಗಳನ್ನು ಕೊಂಡು ಬಂಡವಾಳವನ್ನು ತುಂಬಿಕೊಟ್ಟರು. ಟಾಟಾ ಅವರು ರೈಲ್ವೆಯ ಅಳತೆಗೆ ಒಪ್ಪುವ ಕಂಬಿಗಳನ್ನು ತಯಾರಿಸಿದರೆ ಅವನ್ನೆಲ್ಲ ತಾನು ತಿಂದುಬಿಡುವುದಾಗಿ ರೈಲ್ವೆಯ ದೊಡ್ಡ ಅಧಿಕಾರಿಯೊಬ್ಬರು ಹಾಸ್ಯ ಮಾಡಿದ್ದರೆಂಬ ಕಥೆಯೊಂದು ಪ್ರಸಿದ್ಧವಾಗಿದೆ. 1911ರ ಡಿಸೆಂಬರ್ 2ರಂದು ಸಾಕ್ಚಿಯ ಊದುಕುಲುಮೆಯಿಂದ ಮೊದಲ ಕಬ್ಬಿಣ ಹರಿಯಿತು. 1912ರ ಫೆಬ್ರವರಿಯಲ್ಲಿ ಮೊದಲ ಉಕ್ಕಿನ ಗಟ್ಟಿ ಹೊರಬಂದಿತು. ಎರಡೇ ವರ್ಷಗಳಲ್ಲಿ ಮಹಾಯುದ್ಧ ಆರಂಭವಾಯಿತು; ಆಗ ಮೆಸೊಪೊಟೇಮಿಯಾದ ಮರಳಿನಲ್ಲಿ ಬ್ರಿಟಿಷ್ ಸೇನೆ ಹಾಸಿದ್ದು ಇದೇ ಕಾರ್ಖಾನೆಯ ಕಂಬಿಗಳನ್ನು. ಸಾಕ್ಚಿಗೆ 1919ರಲ್ಲಿ ಜೆಮ್‌ಶೆಡ್‌ಪುರವೆಂದು ಹೆಸರಿಟ್ಟರು.

ಸಾಲಕಾಡಿನ ಹಳ್ಳಿಯೊಂದು ಹೊಗೆಗೊಳವೆಗಳ ಪಟ್ಟಣವಾದಾಗ ಅಲ್ಲಿಯ ಮೂಲನಿವಾಸಿಗಳು ನೆಲವನ್ನು ಕಳೆದುಕೊಂಡುದೂ ಗಣಿಗಳಲ್ಲಿ ಬುಟ್ಟಿ ಹೊರುವ ಕೂಲಿಗಳಾದುದೂ ಈ ಕಥೆಗೆ ಸೇರಿದ ಸಂಗತಿಯೇ. ಕಬ್ಬಿಣದ ಕುಲಕಸಬನ್ನು ಕಾಪಾಡಿಕೊಂಡು ಬಂದಿದ್ದ ಜನರಿಗೆ ಹೊಸ ಕಬ್ಬಿಣದ ಲಾಭದಲ್ಲಿ ಸಿಕ್ಕ ಪಾಲು ಅತ್ಯಲ್ಪ. ಕಾರ್ಖಾನೆಯ ಹಿರಿಮೆಯನ್ನು ಹೇಳುವ ಪುಸ್ತಕಗಳು ಬಹುವೇಳೆ ಇದನ್ನು ಮರೆಯುತ್ತವೆ.

ಸಾಕ್ಚಿಯಲ್ಲಿ ಬೆಳೆದ ಅನುಭವವು ಬೇರೆ ಕಡೆಗಳಿಗೂ ಹರಿಯಿತು. ಮೈಸೂರು ಸಂಸ್ಥಾನವು ಭದ್ರಾವತಿಯಲ್ಲಿ ಕಟ್ಟಿದ ಕಬ್ಬಿಣದ ಕಾರ್ಖಾನೆಗೆ ಸಲಹೆ ನೀಡಿದವರಲ್ಲಿ ಅದೇ ಪೆರಿನ್ ಇದ್ದರು. ಅಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. ನೀರಿಲ್ಲವೆಂದು ಬಿಟ್ಟ ದಲ್ಲಿ, ರಾಜಹರಾ ಗುಡ್ಡಗಳ ಸರದಿಯೂ ಬಂದಿತು. ಸ್ವತಂತ್ರ ಭಾರತವು ಸೋವಿಯತ್ ದೇಶದ ನೆರವಿನಿಂದ ಭಿಲಾಯಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಕಟ್ಟಿ 1959ರಲ್ಲಿ ಅದರ ಮೊದಲ ಕುಲುಮೆಯನ್ನು ಹೊತ್ತಿಸಿದಾಗ ಅದಿರು ಬಂದುದು ಅಲ್ಲಿಂದಲೇ. ಬೋಸರ ವರದಿ ಅಚ್ಚಾಗಿ ಆಗ ಎಪ್ಪತ್ತೆರಡು ವರ್ಷಗಳಾಗಿದ್ದವು.

ಬೋಸರಿಗೆ ಗೋರುಮಹಿಸಾನಿಯಷ್ಟೇ ಪ್ರಿಯವಾದ ಇನ್ನೊಂದು ಕಾರ್ಯವಿತ್ತು. ಬಂಗಾಳದ ವಿಭಜನೆಯನ್ನು ವಿರೋಧಿಸಿ ಜನರು ಬೀದಿಗಿಳಿದಿದ್ದ 1906ರಲ್ಲಿ ತಾರಕನಾಥ ಪಾಲಿತರೇ ಮೊದಲಾದವರು ಬಂಗಾಳ ತಾಂತ್ರಿಕ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಮೊದಲ ಗೌರವ ಪ್ರಾಂಶುಪಾಲರಾಗಿ ಬೋಸರು ಹೊಣೆ ಹೊತ್ತರು. ವಿದೇಶಿ ಬಟ್ಟೆಯನ್ನು ಸುಡುವವರಿಗೆ ಸ್ವದೇಶಿ ಮಗ್ಗವನ್ನು ಕಟ್ಟುವುದಕ್ಕೂ ಬರಬೇಕಲ್ಲವೇ? ಸರ್ಕಾರದ ಹಣವಿಲ್ಲದೆ ನಡೆದ ಆ ಚಿಕ್ಕ ಶಾಲೆ ಕಾಲಕ್ರಮದಲ್ಲಿ ಎಂಜಿನಿಯರಿಂಗ್ ಕಾಲೇಜಾಗಿ ಬೆಳೆಯಿತು. 1955ರಲ್ಲಿ, ಬೋಸರು ಹುಟ್ಟಿ ಸರಿಯಾಗಿ ನೂರು ವರ್ಷಗಳಾದಾಗ, ಅದೇ ಜಾದವಪುರ ವಿಶ್ವವಿದ್ಯಾಲಯವಾಯಿತು.

ಮುಪ್ಪಿನಲ್ಲಿ ಬೋಸರು ರಾಂಚಿಯಲ್ಲಿ ನೆಲೆಸಿದರು. ಓದು, ಬರಹಗಳು ನಿಲ್ಲಲಿಲ್ಲ. ಕೈಗಾರಿಕೆಗಾಗಿ ಜೀವಮಾನವಿಡೀ ದುಡಿದ ಇವರು ಕಡೆಗಾಲದ ಗ್ರಂಥಗಳಲ್ಲಿ ಪಾಶ್ಚಾತ್ಯ ನಾಗರಿಕತೆಯ ಕುರುಡು ಅನುಕರಣೆಯನ್ನು ಖಂಡಿಸಿದುದನ್ನು ಕಂಡು ಕೆಲವರಿಗೆ ಅಚ್ಚರಿಯಾಯಿತು. ಯಂತ್ರ ಬೇಕು, ಆದರೆ ಯಂತ್ರವನ್ನು ತಂದ ನಾಡಿನ ಆಡಂಬರವೂ ದುರಾಸೆಯೂ ಅದರ ಬೆನ್ನಿಗೇ ಬರಬೇಕೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಅದಕ್ಕೆ ಅವರಿಗೆ ತೃಪ್ತಿಕರವಾದ ಉತ್ತರ ದೊರೆಯಿತೆಂದು ಹೇಳುವಂತಿಲ್ಲ. 1934ರ ಏಪ್ರಿಲ್ 27ರಂದು ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವರು ರಾಂಚಿಯಲ್ಲಿ ನಿಧನರಾದರು. ರಾಂಚಿಯಿಂದ ಜೆಮ್‌ಶೆಡ್‌ಪುರ ಬಹು ದೂರವೇನಲ್ಲ. ಆ ದಿನವೂ ಎಂದಿನಂತೆ ಅಲ್ಲಿಯ ಕುಲುಮೆಗಳು ಉರಿಯುತ್ತಿದ್ದವು; ಗೋರುಮಹಿಸಾನಿಯಿಂದ ಹೊರಟ ರೈಲುದಾರಿ ಕಾರ್ಖಾನೆಯ ಬಾಗಿಲಿಗೆ ಬಂದು ಮುಟ್ಟುತ್ತಿತ್ತು.